ತೋರುಬೆರಳಿನ ಅಳತೆ

ನಮ್ಮ ಯಜಮಾನರು ಬಡಗಿ. ಇನ್ನೊಬ್ಬರ ಅಳತೆ ನಂಬಿ ಮರ ಕೊಯ್ಯಬಾರದು ಅನ್ನುವುದು ಅವರ ಮೂವತ್ತು ವರ್ಷದ ಹಟ. ಮನೆಯ ಕಿಟಕಿಯ ಅಗಲ ನಾನು ಹೇಳಿದರೂ ಎದ್ದು ಹೋಗಿ ತಾವೇ ಅಳೆಯುತ್ತಾರೆ.

ಗ್ರಂಥಾಲಯದ ಮೆಟ್ಟಿಲಿಗೆ ಮರದ ರೇಲಿಂಗ್ ಮಾಡಲು ಒಪ್ಪಿಕೊಂಡಿದ್ದರು. ಅಷ್ಟರಲ್ಲಿ ಎರಡೂ ಕೈಗೆ ಇಸುಬು ಹತ್ತಿ, ಅಂಗೈ ಬಿರುಕು ಬಿಟ್ಟಿತು. ಮರ ನುಣ್ಣಗಾಯಿತೋ ಇಲ್ಲವೋ ಎಂದು ಅವರು ನೋಡುವುದೇ ಅಂಗೈಯಿಂದ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಇವರನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ನನಗೆ ಒಂದು ತಿಂಗಳು ಹಿಡಿಯಿತು.

"ಇದು ಸ್ಟೀರಾಯ್ಡ್ ಮುಲಾಮು," ಅಂದರು ಡಾಕ್ಟರಮ್ಮ. "ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಹಿಂಡಿ. ಅಷ್ಟು ಒಂದು ಕೈಗೆ, ದಿನಕ್ಕೊಂದು ಸಲ. ಹೆಚ್ಚೂ ಬೇಡ, ಕಮ್ಮಿನೂ ಬೇಡ. ಪಾಲಿಶ್ ಹಚ್ಚುವಾಗ ಗ್ಲೌಸ್ ಹಾಕ್ಕೊಳ್ಳಿ."

ಎರಡು ವಾರವಾದರೂ ಗುಣ ಕಾಣಲಿಲ್ಲ. "ರೇಲಿಂಗ್ ಬೇರೆಯವರಿಗೆ ಒಪ್ಪಿಸಿಬಿಡ್ತೀನಿ," ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ಬೆಳಿಗ್ಗೆ ಮುಲಾಮು ಹಚ್ಚುವಾಗ ಎದುರಿಗೇ ನಿಂತೆ.

ಅವರ ಬಲಗೈ ತೋರುಬೆರಳಿನ ತುದಿಯನ್ನು ಗರಗಸ ಎಂದೋ ತಿಂದುಹಾಕಿದೆ. ಉಳಿದ ಮೋಟು ತುದಿಯಿಂದ ಗೆರೆಯವರೆಗೆ, ಅಕ್ಕಿಕಾಳಿನಷ್ಟು ಮುಲಾಮು ಹಿಂಡಿಕೊಂಡರು.

"ಅಲ್ರೀ, ಆ ಬೆರಳಿಗೆ ತುದಿ ಎಲ್ಲಿದೆ?"

"ತೋರುಬೆರಳು ಅಂದ್ರಲ್ಲ ಡಾಕ್ಟ್ರು. ನನ್ನದು ಇದೇ."

"ಎಡಗೈಲಿ ಇನ್ನೊಂದು ಇಲ್ವಾ?"

"ಎಡಗೈಲಿ ಅಳತೆ ಹಿಡಿದು ಅಭ್ಯಾಸ ಇಲ್ಲ ನಂಗೆ."

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ನನ್ನ ಬೆರಳು ಚಾಚಿ, "ಹಿಂಡಿ ಇದರ ಮೇಲೆ," ಅಂದೆ. ಯಾರದೋ ಟೇಪನ್ನು ನೋಡುವ ಹಾಗೆ ಅನುಮಾನದಿಂದ ನೋಡಿದರು. ಆಮೇಲೆ ಹಿಂಡಿದರು.

ವಿಷಯ ತಿಳಿದ ಡಾಕ್ಟರಮ್ಮ ನಕ್ಕು, ಇನ್ನೆರಡು ವಾರ ಇದೇ ಅಳತೆ ನಡೆಯಲಿ ಅಂದರು. ದಿನವೂ ನನ್ನ ಬೆರಳಿನಿಂದಲೇ ಅವರ ಕೈಗೆ ಹೋಯಿತು ಮುಲಾಮು. ಬಿರುಕು ಒಂದೊಂದಾಗಿ ಮುಚ್ಚಿಕೊಂಡವು. ಆಮೇಲೆ ಡಾಕ್ಟರಮ್ಮ ಅದನ್ನು ವಾರಕ್ಕೆರಡು ದಿನಕ್ಕೆ ಇಳಿಸಿದರು.

ರೇಲಿಂಗ್ ಮುಗಿದ ದಿನ ನಾನೂ ಹೋಗಿದ್ದೆ. ಕಣ್ಣು ಮುಚ್ಚಿಕೊಂಡು, ಕೆಳಗಿನಿಂದ ಮೇಲಿನವರೆಗೆ ಅಂಗೈ ಆಡಿಸಿಕೊಂಡು ಹತ್ತಿದರು. ನಡುವೆ ಒಂದು ಕಡೆ ನಿಂತು ಸ್ವಲ್ಪ ಉಜ್ಜಿದರು, ಮತ್ತೆ ಹತ್ತಿದರು. ಮೂರು ಮಹಡಿ! ಆ ಕೈ ನೋಡಿ ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದು ಚೀಟಿ, ಪೆನ್ಸಿಲ್ ಹಿಡಿದು ಕೂತರು.

"ಆ ಅಡುಗೆಮನೆ ಕಿಟಕಿ ಅಗಲ ಎಷ್ಟು ಅಂದಿದ್ದೆ ನೀನು?"

ಹೇಳಿದೆ. ಬರೆದುಕೊಂಡರು. ಏಳಲಿಲ್ಲ.