ಒಂದು ಮಾರು ದೂರ

"ಮುಟ್ಟಬೇಡ ಅಂದ್ರೆ ಮುಟ್ಟಬೇಡ!" ಗಂಡನ ಮುಖದತ್ತ ಚಾಚಿದ್ದ ನೂರ್‌ಜಹಾನಳ ಕೈಯನ್ನು ಅವನ ಅಕ್ಕ ಅತೀಕಾ ಹಿಡಿದೆಳೆದಳು. "ಉಸಿರು ಹೋಯ್ತು, ನಿಕಾಹ್ ಮುರೀತು. ಈಗ ಅವನು ನಿಂಗೆ ಪರಗಂಡಸು ಕಣೆ."

ಭದ್ರಾವತಿಯ ಆ ಎರಡು ಕೋಣೆಯ ಮನೆಯಲ್ಲಿ ಅತೀಕಾಳಿಗೆ ಎದುರಾಡಿದವರಿಲ್ಲ. ಹಿತ್ತಲಲ್ಲಿ ಪರದೆ ಕಟ್ಟಿ, ಗುಸುಲ್‌ಗೆಂದು, ಅಂದರೆ ಕೊನೆಯ ಸ್ನಾನಕ್ಕೆಂದು, ಗಂಡಸರು ಎಲಚಿ ಎಲೆ ಹಾಕಿ ನೀರು ಕಾಯಿಸುತ್ತಿದ್ದರು. ನೂರ್‌ಜಹಾನ್ ಗೋಡೆಗೊರಗಿ ಕೂತಳು. ಅವಳಿಗೆ ಮುಟ್ಟಲೇಬೇಕಿತ್ತು. ಮಣ್ಣಿಗೆ ಹೋಗುವ ಮುಂಚೆ, ಒಂದೇ ಒಂದು ಸಲ.

ಗಂಡ ಕೆಲಸಕ್ಕಿದ್ದ ಕಾಲೇಜಿನಿಂದ, ಶಿವಮೊಗ್ಗದಿಂದ ಬಂದಿದ್ದ ಡಾಕ್ಟರ್ ಪ್ರಿಯಂವದಾ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದರು. "ಮಾಸ್ಕ್ ಹಾಕ್ಕೊಳ್ಳಿ ಬಾಷಾ ಅಂತ ದಿನಾ ಹೇಳ್ತಿದ್ದೆ ಅಮ್ಮ. ಆ ಬಟ್ಟೆ ಮಾಸ್ಕು ಫಾರ್ಮಲಿನ್ ತಡೆಯಲ್ಲ ಅಂತ ನಂಗೂ ಗೊತ್ತಿತ್ತು."

"ನೀವಾದ್ರೂ ಹೇಳಿದ್ರಲ್ಲ ಮೇಡಮ್," ಎಂದಳು ನೂರ್‌ಜಹಾನ್.

*

ಪೀರ್ ಬಾಷಾ ಇಪ್ಪತ್ತೇಳು ವರ್ಷ ಶಿವಮೊಗ್ಗದ ಒಂದು ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಅಟೆಂಡರ್. ಬೆಳಿಗ್ಗೆ ಕೊಳೆಯದಂತೆ ಫಾರ್ಮಲಿನ್ ದ್ರಾವಣದ ತೊಟ್ಟಿಯಲ್ಲಿಟ್ಟ ಹೆಣಗಳನ್ನೆತ್ತಿ ಮೇಜಿಗೆ ಮಲಗಿಸುವುದು, ಸಂಜೆ ಮತ್ತೆ ಇಳಿಸುವುದು. ವಿದ್ಯಾರ್ಥಿಗಳು ನಾಲ್ಕು ದಿನ ಕಣ್ಣೀರು ಸುರಿಸಿ, ಕೆಮ್ಮಿ, ಡಾಕ್ಟರಾಗಿ ಹೋದರು. ಬಾಷಾ ಅಲ್ಲೇ ಉಳಿದ. ಅಲ್ಲಿನ ಎಕ್ಸಾಸ್ಟ್ ಫ್ಯಾನ್ ತಿರುಗಿದ್ದಕ್ಕಿಂತ ನಿಂತಿದ್ದೇ ಹೆಚ್ಚು.

ಎಷ್ಟು ಸೋಪು ಹಚ್ಚಿದರೂ ಮೈಯ ಘಾಟು ಹೋಗಿಲ್ಲವೆಂದು ಅವನ ಅನುಮಾನ. ವಾಸನೆಯೇ ತಿಳಿಯದಂತೆ ಮೂಗು ಸತ್ತಿದ್ದವನಿಗೆ ಗೊತ್ತಾಗುವುದಾದರೂ ಹೇಗೆ? ಹೆಂಡತಿ ಹತ್ತಿರ ಬಂದರೆ "ಅಲ್ಲೇ ಇರು ಮಾರಾಯ್ತಿ" ಎಂದು ನಕ್ಕು, ಚಾಪೆಯನ್ನು ಹೊಸ್ತಿಲಾಚೆ ಎಳೆದುಕೊಳ್ಳುತ್ತಿದ್ದ. "ರಿಟೈರ್ ಆಗ್ಲಿ. ಆಮೇಲೆ ಪಕ್ಕದಲ್ಲೇ ಕೂತಿರ್ತೀನಿ, ಓಡ್ಸಿದ್ರೂ ಹೋಗಲ್ಲ."

ರಿಟೈರ್ ಆದ. ಅಷ್ಟರಲ್ಲಿ ಎದೆ ಕೈಕೊಟ್ಟಿತ್ತು. ಯಾರಾದರೂ ಹತ್ತಿರ ಕೂತರೆ ಗಾಳಿ ಸಾಲದೆ ಒದ್ದಾಡುತ್ತಿದ್ದ. ಇಬ್ಬರ ಮಂಚಗಳ ನಡುವೆ ಆಕ್ಸಿಜನ್ ಮಿಷನ್ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

*

ನೀರು ಕಾದಿತ್ತು. ಗಂಡಸರು ದೇಹವನ್ನು ಹಿತ್ತಲಿಗೆ ಎತ್ತಿಕೊಂಡು ಹೋದಾಗ ನೂರ್‌ಜಹಾನ್ ಎದ್ದು ಬಾಗಿಲಿಗೆ ಬಂದಳು.

"ಹಜರತ್!" ಹಿತ್ತಲಲ್ಲಿದ್ದ ಇಮಾಮರನ್ನು ಕೂಗಿದಳು. ಜನ್ಮದಲ್ಲಿ ಅಷ್ಟು ಜೋರಾಗಿ ಮಾತಾಡಿದವಳಲ್ಲ. "ನಾನು ಅವ್ರನ್ನ ಮುಟ್ಟಬಾರ್ದಾ?"

"ಯಾರಮ್ಮ ಹೇಳಿದ್ದು? ಹೆಂಡ್ತಿ ಗಂಡನಿಗೆ ಗುಸುಲೇ ಕೊಡಬಹುದು. ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ಮುಗಿಯೋವರೆಗೂ ನೀನು ಅವನ ಹೆಂಡ್ತಿನೇ."

ಅತೀಕಾ ಒಳಗೆ ಹೋದಳು. ತಾನೇ ತಂಬಿಗೆ ತಂದು ಅವಳ ಕೈಗಿತ್ತಳು. "ಬಿಸಿ ನೋಡ್ಕೋ. ಜಾಸ್ತಿ ಇರಬಾರ್ದು."

ಪರದೆಯೊಳಗೆ ಮಗ ಹಸ್ನೈನ್ ಮೈ ಹೊರಳಿಸಿಕೊಟ್ಟ. ಅವಳು ಬಲಗಡೆಯಿಂದ ಮೊದಲು ಮಾಡಿ ತೊಳೆದಳು. ಮಗ ಹೊದಿಸುವ ಕಫನ್ ಬಟ್ಟೆ ತರಲು ಹೊರಗೆ ಹೋದ. ಈಗ ದೂರ ಇರು ಎನ್ನುವವರು ಯಾರೂ ಇರಲಿಲ್ಲ. ಎಷ್ಟು ವರ್ಷದ ಆಸೆ, ಎಂಥ ಹೊತ್ತಿನಲ್ಲಿ ಈಡೇರಿತು! ಬಿರುಕುಬಿಟ್ಟ ಅವನ ಅಂಗೈಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಅದು ಜಾರಿತು. ಮತ್ತೆ ಎತ್ತಿ, ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಮ್ಮಿ, ಆಯ್ತಾ?" ಹೊರಗಿನಿಂದ ಹಸ್ನೈನ್ ಕೇಳಿದ.

"ತಡಿ, ಇನ್ನೂ ನೀರಿದೆ," ಎಂದಳು.

ಹಂಡೆ ಬರಿದಾಗಿ, ತಳದಲ್ಲಿ ಎಲಚಿ ಎಲೆಗಳಷ್ಟೇ ಅಂಟಿಕೊಂಡಿದ್ದವು.