ಮಹಾದೇವಮ್ಮನ ಬಡಿಸುವ ಪರೀಕ್ಷೆ

ಮೂವತ್ತೈದು ವರ್ಷ ಬಡಿಸಿದ ಕೈಗೆ ಬಡಿಸುವುದನ್ನು ಕಲಿಸಲು ಕುಶಾಲನಗರದಿಂದ ಒಬ್ಬ ಹುಡುಗಿ ಬರುತ್ತಾಳೆಂದು ಕೇಳಿ ಮಾದಾಪುರದ ಮಹಾದೇವಮ್ಮ ಬಿದ್ದು ಬಿದ್ದು ನಕ್ಕಿದ್ದಳು. ಆದರೆ ಬೇರೆ ದಾರಿಯಿರಲಿಲ್ಲ. ಮನೆಯ ಹಿಂದಿನ ಎರಡು ಕೋಣೆಗೆ ಸುಣ್ಣಬಣ್ಣ ಬಳಿದು ಹೋಂಸ್ಟೇ ಮಾಡಿದ್ದಾಗಿತ್ತು. ಪ್ರವಾಸಿಗರನ್ನು ಕಳಿಸುವ ಕಂಪನಿಯವರು ಮಾತ್ರ, ತರಬೇತಿ ಪಾಸಾಗದ ಮನೆಗೆ ಒಂದು ನರಪಿಳ್ಳೆಯನ್ನೂ ಕಳಿಸುವುದಿಲ್ಲ ಎಂದಿದ್ದರು.

ಪಾಠ ಹೇಳುವ ಚಂದನಾ ಮೊದಲ ದಿನವೇ ಬೆರಳೆತ್ತಿದಳು. "ಗೆಸ್ಟ್ ಸಾಕು ಅಂದ್ರೆ ಸಾಕು ಆಂಟಿ. ಬಲವಂತ ಮಾಡ್ಬಾರ್ದು. ಬೇಕಾ ಅಂತ ಕೇಳಿ ಬಡಿಸ್ಬೇಕು."

ಇದು ಶುದ್ಧ ಅಧಿಕಪ್ರಸಂಗ ಎನಿಸಿತು ಮಹಾದೇವಮ್ಮನಿಗೆ. ಅವಳ ಮನೆಯಲ್ಲಿ ನೆಂಟರ ಮೊದಲ 'ಸಾಕು' ಮರ್ಯಾದೆಗೆ, ಎರಡನೆಯದು ನಾಚಿಕೆಗೆ. ಮೂರನೆಯದನ್ನು ಬೇಕಾದರೆ ನಂಬಬಹುದು. ಬೇಕಾ ಎಂದು ಕೇಳುವುದಂತೂ ಎಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದ ಹಾಗೆ. ಪಾಠದ ಹೊತ್ತಿನಲ್ಲಿ ಆಕಳಿಸಿದಳು. ಪರೀಕ್ಷೆಯ ದಿನ ಬಂದ ಪರೀಕ್ಷಕಿಯ ಎಲೆಗೆ ಬೇಡ ಬೇಡ ಅಂದರೂ ಸುರಿದು ಡುಮ್ಕಿ ಹೊಡೆದಳು.

ಅದಕ್ಕೂ ಅವಳು ಕ್ಯಾರೆ ಅನ್ನಲಿಲ್ಲ. ತನ್ನ ಜೊತೆಗೇ ತರಬೇತಿಗೆ ಕೂತಿದ್ದ ಓರಗಿತ್ತಿ ಸುಧಾ ಫಸ್ಟ್ ಕ್ಲಾಸಿನಲ್ಲಿ ಪಾಸಾದಳೆಂದು ಗೊತ್ತಾದಾಗ ಮಾತ್ರ ಮೈಯೆಲ್ಲ ಉರಿಯಿತು. ಯಾವ ಸುಧಾ? ಪಾಯಸದ ಸೌಟನ್ನು ಬರೀ ತೋರಿಸಿ ಮುಂದಿನ ಎಲೆಗೆ ಓಡುವ ಸುಧಾ! ಜಿಪುಣತನಕ್ಕೂ ಸರ್ಟಿಫಿಕೇಟು ಕೊಡುವ ಕಾಲ ಬಂತಲ್ಲ! ಅಂದಿನಿಂದ ಮಹಾದೇವಮ್ಮ ಹಟಕ್ಕೆ ಬಿದ್ದಳು. ಒಲೆಯ ಮುಂದೆ ನಿಂತು, "ಇನ್ನೂ ಬೇಕಾ ಸಾರ್?" ಎಂದು ಬಾಯಿಪಾಠ ಮಾಡತೊಡಗಿದಳು.

ಮರುಪರೀಕ್ಷೆಗೆ ಚಂದನಾಳ ಜೊತೆ ಜೀಪಿನಲ್ಲಿ ಬಂದ ಪರೀಕ್ಷಕರು ಪರಮೇಶಪ್ಪ. ಸೋಮವಾರಪೇಟೆ ಕಡೆಯವರು, ಹೊಟ್ಟೆ ಮುಂದೆ ಬಿಟ್ಟು ತಾವು ಹಿಂದೆ ನಡೆಯುವ ಭಾರಿ ಆಸಾಮಿ. ಬಿಸಿ ಕಡುಬು, ಎಳೆಬಿದಿರಿನ ಕಳಲೆ ಪಲ್ಯ, ಮೇಲೆ ತುಪ್ಪ. ಬಡಿಸಿದ್ದೆಲ್ಲ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಖಾಲಿಯಾಯಿತು. ಮಹಾದೇವಮ್ಮ ಮತ್ತೆ ಪಾತ್ರೆ ತಂದಾಗ ಅವರು ಎಲೆಗೆ ಕೈ ಅಡ್ಡ ಹಿಡಿದರು.

"ಸಾಕು ತಾಯಿ, ಸಾಕು."

ಬೆರಳುಗಳ ನಡುವೆ ಒಂದೊಂದು ಕಡುಬು ತೂರುವಷ್ಟು ಸಂದಿ ಇತ್ತು. ಆದರೂ ಮಹಾದೇವಮ್ಮ ಸುಧಾಳನ್ನು ನೆನೆದುಕೊಂಡು, ಹಲ್ಲು ಕಚ್ಚಿ ಹಿಂದೆ ಸರಿದಳು. ಚಂದನಾ ಚಪ್ಪಾಳೆ ತಟ್ಟಿದಳು.

ಪರಮೇಶಪ್ಪ ಸ್ವಲ್ಪ ಹೊತ್ತು ಕೈಯನ್ನು ಹಾಗೇ ಹಿಡಿದಿದ್ದರು. ಆಮೇಲೆ, "ಪಾಸು," ಅಂದರು. ಕಣ್ಣು ಪಾತ್ರೆಯ ಮೇಲೇ ಇತ್ತು. "ಪರೀಕ್ಷೆ ಮುಗೀತಲ್ಲ ತಾಯಿ, ಈಗ."

ಅವಳಿಗೆ ಅರ್ಥವಾಯಿತು. ಆದರೆ ಕೈ ಮುಂದೆ ಹೋಗುವ ಮೊದಲೇ ಬಾಯಿ ಮುಂದೆ ಹೋಯಿತು. "ಇನ್ನೂ ಬೇಕಾ ಸಾರ್?"

ಹಾಗೆ ಕೇಳಿದ ಮೇಲೂ ಬೇಕು ಅನ್ನಲು ಅವರಿಗೇನು ಮಾನವಿಲ್ಲವೇ? "ಛೆ ಛೆ, ಬ್ಯಾಡ," ಎಂದು ಎದ್ದು, ಕೈ ತೊಳೆದು, ಸಪ್ಪೆ ಮುಖದಲ್ಲಿ ಜೀಪಿನ ಕಡೆ ನಡೆದರು.

"ಗೆದ್ರಿ ಆಂಟಿ!" ಎಂದು ಚಂದನಾ ಅಪ್ಪಿಕೊಂಡಳು.

ಮಹಾದೇವಮ್ಮನಿಗೆ ಅಳು ತಡೆಯಲಾಗಲಿಲ್ಲ.

"ಹಸ್ಕೊಂಡೇ ಹೋದ್ರಲ್ಲೇ ಅವ್ರು. ನಮ್ಮನೆಯಿಂದ ಇಲ್ಲೀಗಂಟ ಯಾರೂ ಹಂಗೆ ಹೋಗಿರ್ಲಿಲ್ಲ ಕಣೇ."