ನಾಲ್ಕು ಚೌಕಗಳಲ್ಲಿ ಹಿಡಿಸದ ಉತ್ತರ

ವಿದೇಶಿ ಪ್ರವಾಸಿಗರು ಸ್ಥಳೀಯ ಊಟವನ್ನೇಕೆ ಬಯಸುತ್ತಾರೆಂದು ಕೇಳಿ, ಇನ್ನೂರು ಫಾರಂ ತುಂಬಿಸುವ ಕೆಲಸ ಪ್ರವಾಸೋದ್ಯಮ ಕಚೇರಿಯ ಗುಮಾಸ್ತೆಯ ತಲೆಗೆ ಬಿತ್ತು. ಉತ್ತರಕ್ಕೆ ನಾಲ್ಕೇ ಚೌಕ: ರುಚಿ, ಆರೋಗ್ಯ, ಕುತೂಹಲ, ಸಂಸ್ಕೃತಿ. ಬಿಸಿಲಲ್ಲಿ ಅಲೆಯಲಾರದೆ ಅವಳು ಬಸ್ ನಿಲ್ದಾಣದ ಹಿಂದಿನ ತನ್ನ ಚಿಕ್ಕಮ್ಮನ ಹೋಟೆಲಿನಲ್ಲೇ ಠಿಕಾಣಿ ಹೂಡಿದಳು.

ಬಂದ ಉತ್ತರಗಳು ಯಾವ ಚೌಕಕ್ಕೂ ಒಗ್ಗಲಿಲ್ಲ. ಒಬ್ಬ ಮುದುಕ, ಇಲ್ಲಿ ಫ್ಯಾನಿನ ಕೆಳಗೆ ಜಾಗ ಸಿಗುತ್ತದೆ ಎಂದ. ಹೊಸದಾಗಿ ಮದುವೆಯಾದ ಜೋಡಿಯೊಂದು, ಹೋಟೆಲು ಹುಡುಕುತ್ತ ಜಗಳ ಹತ್ತಿದ್ದರಿಂದ ಎದುರು ಕಂಡಿದ್ದಕ್ಕೆ ನುಗ್ಗಿದೆವು ಎಂದಿತು. ಆರು ದಿನದಿಂದ ತಪ್ಪದೆ ಬರುತ್ತಿದ್ದ ನಡುವಯಸ್ಸಿನ ಹೆಂಗಸು ಮಾತ್ರ ಅಡುಗೆಮನೆಯತ್ತ ಕಣ್ಣು ಹಾಯಿಸಿ, ದನಿ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದಳು.

“ನಿಮ್ಮ ಚಿಕ್ಕಮ್ಮ ಬೈತಾರಲ್ಲ, ಅದಕ್ಕೆ.”

“ಅವರ ಮಾತು ನಿಮಗೆ ಅರ್ಥ ಆಗುತ್ತಾ?”

“ಒಂದಕ್ಷರಾನೂ ಆಗಲ್ಲ. ತಟ್ಟೇಲಿ ಸೊಪ್ಪು ಬಿಟ್ರೆ ಬೈತಾರೆ ಅಂತ ಗೊತ್ತಾಗುತ್ತೆ. ಮನೇಲಿ ನಾನೊಬ್ಬಳೇ. ತಿಂದ್ರೂ ಬಿಟ್ರೂ ಕೇಳೋರಿಲ್ಲ.”

ಇದನ್ನೆಲ್ಲಿ ಬರೆಯಲಿ ಎಂದು ಗುಮಾಸ್ತೆ ಕಚೇರಿಗೆ ಹೋಗಿ ಸಾಹೇಬರನ್ನು ಕೇಳಿದಳು. ಅವರು ಫೈಲಿನಿಂದ ತಲೆಯೆತ್ತದೆ, “ಎಲ್ಲೂ ಸೇರದೆ ಇರೋದನ್ನೆಲ್ಲ ಸಂಸ್ಕೃತಿಗೆ ಹಾಕಮ್ಮ,” ಎಂದರು.

ಹೀಗಾಗಿ ವರದಿಯಲ್ಲಿ ಸಂಸ್ಕೃತಿ ಭರ್ಜರಿಯಾಗಿ ಗೆದ್ದಿತು. ಮೇಲಿನವರು ಹಿಗ್ಗಿ ಹೀರೇಕಾಯಿಯಾದರು. ಇಂಥ ಸಂಸ್ಕೃತಿಗೆ ಇನ್ನಷ್ಟು ಮೆರುಗು ಕೊಡಲೆಂದು ಹೋಟೆಲಿನವರಿಗೆಲ್ಲ ಮೂರು ದಿನದ ಸೌಜನ್ಯ ತರಬೇತಿ ನಡೆಸಿದರು. ಚಿಕ್ಕಮ್ಮನಿಗೆ ಮೊದಲ ಬಹುಮಾನ ಬಂತು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗಲ್ಲಾದ ಮೇಲೆ ತೂಗುಹಾಕಿದಳು.

ಮರುವರ್ಷ ಗುಮಾಸ್ತೆ ಮತ್ತೆ ಫಾರಂ ಹಿಡಿದು ಕೂತಿದ್ದಾಗ ಆ ಹೆಂಗಸು ಬಂದಳು. ಅರ್ಧ ಸೊಪ್ಪು ಬಿಟ್ಟು ಕಾದಳು. ಚಿಕ್ಕಮ್ಮ ಮುಗುಳ್ನಕ್ಕು, ಕಲಿತ ಹಾಗೇ ತುಸು ಬಾಗಿ, ತಟ್ಟೆ ಎತ್ತಿಕೊಂಡು ಹೋದಳು. ಹೆಂಗಸಿನ ಮುಖ ಸಪ್ಪಗಾಯಿತು.

“ಅವರಿಗೆ ನನ್ನ ಮೇಲೆ ಕೋಪಾನಾ?” ಎಂದು ಗುಮಾಸ್ತೆಯನ್ನು ಕೇಳಿದಳು.

ಗುಮಾಸ್ತೆ ಒಳಗೆ ಹೋಗಿ ವಿಷಯ ತಿಳಿಸಿದಳು.

“ಬೈದ್ರೆ ಸರ್ಟಿಫಿಕೇಟ್ ಕಿತ್ಕೋತಾರೆ ಕಣೆ,” ಎಂದಳು ಚಿಕ್ಕಮ್ಮ. “ಬಾಯಿ ಕಟ್ಕೊಂಡು ಎಂಟು ತಿಂಗಳಾಯ್ತು. ನನಗೇನು ಸುಖಾನಾ?”

“ನಮ್ಮ ಆಫೀಸಿಂದ ಬಂದಿರೋಳು ನಾನೊಬ್ಬಳೇ. ನನಗೆ ಕಿವಿ ಕೇಳಿಸಲ್ಲ ಅಂದ್ಕೊಳಿ.”

ಚಿಕ್ಕಮ್ಮ ಬೀದಿಯ ಎರಡೂ ಕಡೆ ನೋಡಿ ಬಂದು, ತಟ್ಟೆಯನ್ನು ಹೆಂಗಸಿನ ಮುಂದೆ ಠಪ್ಪೆಂದು ಇಟ್ಟಳು.

“ಸಮುದ್ರ ದಾಟಿ ಬಂದಿರೋದು ಸೊಪ್ಪು ಬಿಡೋಕಾ? ಕೆನ್ನೆ ನೋಡು, ಗುಳಿ ಬಿದ್ದಿದೆ. ತಿನ್ನು.”

ಹೆಂಗಸು ತಲೆ ತಗ್ಗಿಸಿ ಒಂದೆಲೆಯೂ ಉಳಿಯದಂತೆ ತಿಂದಳು. ಆಮೇಲೆ ಚಿಕ್ಕಮ್ಮನ ಮಣಿಕಟ್ಟು ಹಿಡಿದು, ಇಂಗ್ಲಿಷಿನಲ್ಲಿ ಗಡುಸಾಗಿಯೇ ಏನೋ ಅಂದಳು.

“ಏನಂತೆ?”

“ನೀವು ಸೊರಗಿದೀರಂತೆ ಚಿಕ್ಕಮ್ಮ. ಹೊತ್ತಿಗೆ ಸರಿಯಾಗಿ ಉಣ್ಣಲ್ವಾ ಅಂತ ಬೈತಿದಾರೆ.”

ಚಿಕ್ಕಮ್ಮ ಸೌಟು ಹಿಡಿದೇ ಅವಳ ಎದುರಿನ ಕುರ್ಚಿಯಲ್ಲಿ ಕೂತಳು.